ಗೋದಲಿಯ ಎತ್ತಿಗೆ ಹಿಣಿಲು ಯಾಕಿಲ್ಲ?

ಕ್ರಿಸ್ಮಸ್ ಗೋದಲಿ ಎಂದ ಕೂಡಲೆ ಕಣ್ಣ ಮುಂದೆ ಬರುವ ಎತ್ತು, ಕತ್ತೆ ಎರಡೂ ಯಾವ ಸುವಾರ್ತೆಯಲ್ಲೂ ಇಲ್ಲ. ಲೂಕ ಬರೆದದ್ದು ಇಷ್ಟೇ: ಛತ್ರದಲ್ಲಿ ಜಾಗ ಸಿಗಲಿಲ್ಲ, ತಾಯಿ ಕೂಸನ್ನು ಬಟ್ಟೆಯಲ್ಲಿ ಸುತ್ತಿ ದನ ಮೇಯುವ ಗೋದಲಿಯಲ್ಲಿ ಮಲಗಿಸಿದಳು, ರಾತ್ರಿ ಮಂದೆ ಕಾಯುತ್ತಿದ್ದ ಕುರುಬರು ಬಂದು ನೋಡಿದರು. ಮೂಡಣ ದೇಶದ ಜ್ಞಾನಿಗಳು ಬರುವುದು ಮತ್ತಾಯನ ಸುವಾರ್ತೆಯಲ್ಲಿ. ಅವರು ಮೂವರೆಂದು ಅಲ್ಲಿ ಎಣಿಸಿಲ್ಲ. ಅವರು ಕಾಲಿಟ್ಟದ್ದೂ ಕೊಟ್ಟಿಗೆಗಲ್ಲ, ಮನೆಗೆ. ಎತ್ತು, ಕತ್ತೆಗಳು ಬಂದದ್ದು ಇವಕ್ಕಿಂತ ಹಳೆಯದಾದ ಯೆಶಾಯ ಪ್ರವಾದಿಯ ಗ್ರಂಥದಿಂದ. ಮೂಕ ಪ್ರಾಣಿಗಳಿಗೂ ಇರುವ ಒಡೆಯನ ಗುರುತು ಈ ಜನಕ್ಕೆ ಇಲ್ಲವಲ್ಲ ಎಂದು ಪ್ರವಾದಿ ಹಳಹಳಿಸುವ ಕಡೆ ಅವೆರಡರ ಹೆಸರು ಬರುತ್ತದೆ. 4ನೇ ಶತಮಾನದ ಇಟಲಿಯಲ್ಲಿ ಕಲ್ಲಿನ ಶವಪೆಟ್ಟಿಗೆಗಳ ಮೇಲೆ ಅವನ್ನು ಕೂಸಿನ ಪಕ್ಕದಲ್ಲಿ ಕೆತ್ತಿದರು. ಕೆಲವು ಕೆತ್ತನೆಗಳಲ್ಲಿ ಮರಿಯಳೂ ಇಲ್ಲ, ಯೋಸೇಫನೂ ಇಲ್ಲ. ಕೂಸು ಮತ್ತು ಎರಡು ಪ್ರಾಣಿಗಳಷ್ಟೇ. ಹೀಗೆ ಗೋದಲಿಯ ಚಿತ್ರ ಶುರುವಾದದ್ದೇ ನಡೆದದ್ದರ ವರದಿಯಾಗಿ ಅಲ್ಲ, ಅದರ ವ್ಯಾಖ್ಯಾನವಾಗಿ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಡಿಸೆಂಬರ್ ಬಂತೆಂದರೆ ಚರ್ಚಿನ ಅಂಗಳದಲ್ಲೂ ಮನೆಯ ಪಡಸಾಲೆಯಲ್ಲೂ ಎದ್ದು ನಿಲ್ಲುವ ‘ಕುಡಿಲ್’ ಎಂದು ತಮಿಳಿನಲ್ಲಿ ಕರೆಯುವ ಗೋದಲಿಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ, ಅವು ಅರ್ಧ ದಾರಿಗೆ ಬಂದು ನಿಂತಂತೆ ಕಾಣುತ್ತವೆ. ಗುಡಿಸಲು ಇಲ್ಲಿಯದು, ಹುಲ್ಲು ಇಲ್ಲಿಯದು, ಒಳಗಿನ ಗೊಂಬೆಗಳು ಮಾತ್ರ ಯುರೋಪಿನ ಅಚ್ಚಿನವು. ಉಳಿದ ಅರ್ಧ ದಾರಿಯನ್ನೂ ನಡೆದರೆ ಸಂಪ್ರದಾಯಕ್ಕೆ ಅಪಚಾರವಾಗುವುದಿಲ್ಲ, ಸಂಪ್ರದಾಯ ಕೇಳುತ್ತಿರುವುದೇ ಅದನ್ನು ಎಂಬುದು ಈ ಲೇಖನದ ವಾದ.

ಗೋದಲಿಯ ಚರಿತ್ರೆಯೇ ಈ ವಾದಕ್ಕೆ ಮೊದಲ ಸಾಕ್ಷಿ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೋ ಎಂಬ ಬೆಟ್ಟದೂರಿನಲ್ಲಿ ಸಂತ ಫ್ರಾನ್ಸಿಸ್ ಏರ್ಪಡಿಸಿದ್ದನ್ನು ಮೊದಲ ಗೋದಲಿ ಎಂದು ಲೋಕವೆಲ್ಲ ನೆನೆಯುತ್ತದೆ. ಆತನ ಜೀವನಚರಿತ್ರೆ ಬರೆದ ಚೆಲಾನೋದ ಥಾಮಸ್ ಕೊಡುವ ವಿವರವನ್ನು ಗಮನವಿಟ್ಟು ಓದಿದರೆ ಅಲ್ಲಿ ಗೊಂಬೆಗಳೇ ಇಲ್ಲ. ಒಂದು ಗೋದಲಿ, ತುಂಬ ಒಣಹುಲ್ಲು, ಜೀವಂತ ಎತ್ತು ಮತ್ತು ಕತ್ತೆ, ಪಂಜು ಹಿಡಿದು ಬೆಟ್ಟ ಹತ್ತಿ ಬಂದ ಊರ ಜನ, ಗೋದಲಿಯ ಬಳಿಯೇ ನಡೆದ ಬಲಿಪೂಜೆ. ಫ್ರಾನ್ಸಿಸ್ ಅದಕ್ಕೆ ಕೆಲವೇ ವರ್ಷ ಮೊದಲು, 1219ರಲ್ಲಿ, ಧರ್ಮಯುದ್ಧದ ನಡುವೆ ಈಜಿಪ್ಟಿಗೆ ಹೋಗಿಬಂದಿದ್ದವನು. ಪುಣ್ಯಭೂಮಿಯ ಕಡೆಯ ದಾರಿ ಎಷ್ಟು ದೂರ, ಎಷ್ಟು ದುರ್ಗಮ ಎಂದು ಅವನಿಗೆ ಗೊತ್ತಿತ್ತು. ಆ ರಾತ್ರಿಯ ಏರ್ಪಾಡಿನ ಅರ್ಥ ಸರಳ: ಬೆತ್ಲೆಹೇಮನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಇರುವ ಊರಿನ ಹುಲ್ಲು, ಇರುವ ಊರಿನ ದನ ಸಾಕು. ಕಲ್ಲಿನ ಗೊಂಬೆಗಳು ಬಂದದ್ದು ಆ ಶತಮಾನದ ಕೊನೆಗೆ, ರೋಮಿನ ಸಾಂತಾ ಮರಿಯಾ ಮಜ್ಜೋರೆ ಬಸಿಲಿಕಕ್ಕೆ ಶಿಲ್ಪಿ ಆರ್ನೊಲ್ಫೋ ದಿ ಕಾಂಬಿಯೋ ಕೆತ್ತಿಕೊಟ್ಟಾಗ. ಮುಂದೆ 16ನೇ ಶತಮಾನದಲ್ಲಿ ಜೆಸುಯಿಟರು ಇದನ್ನು ಕೈಗೆತ್ತಿಕೊಂಡರು. 1562ರಲ್ಲಿ ಪ್ರಾಗ್ ನಗರದಲ್ಲಿ ಅವರು ನಿಲ್ಲಿಸಿದ ಗೋದಲಿ ಇಂದಿನ ಮಾದರಿಯ ಮೊದಲನೆಯದೆಂದು ಹೆಸರಾಗಿದೆ. ಅವರ ಹಡಗುಗಳು ಹೋದ ಕಡೆಗೆಲ್ಲ ಗೋದಲಿಯೂ ಹೋಯಿತು.

ಹೋದ ಕಡೆಯಲ್ಲೆಲ್ಲ ಅದು ಆ ನೆಲದ ಬಟ್ಟೆ ತೊಟ್ಟಿತು. 18ನೇ ಶತಮಾನದ ನೇಪಲ್ಸಿನಲ್ಲಿ ರಾಜ ಚಾರ್ಲ್ಸನ ಆಸ್ಥಾನವೇ ಗೋದಲಿಯ ಹುಚ್ಚು ಹತ್ತಿಸಿಕೊಂಡಿತು. ಸುಟ್ಟ ಮಣ್ಣಿನ ತಲೆ, ತಂತಿ ಮತ್ತು ನಾರಿನ ಮೈ, ಅಸಲಿ ರೇಷ್ಮೆಯ ಉಡುಪು; ಪಕ್ಕದಲ್ಲಿ ಹೆಂಡದಂಗಡಿ, ಹಣ್ಣಿನವಳು, ಮೀನಿನವನು. ಆಗಷ್ಟೇ ಹರ್ಕ್ಯುಲೇನಿಯಂ, ಪೊಂಪೇ ನಗರಗಳ ಉತ್ಖನನ ನಡೆದಿದ್ದರಿಂದ ಕೂಸು ಹುಟ್ಟುವ ಜಾಗವೂ ಕೊಟ್ಟಿಗೆಯಿಂದ ಮುರಿದ ರೋಮನ್ ದೇಗುಲಕ್ಕೆ ಬದಲಾಯಿತು. ಪೆರುವಿನ ಆಂಡೀಸ್ ಸೀಮೆಯಲ್ಲಿ ಗೋದಲಿಯ ಪಕ್ಕ ಲಾಮಾ ನಿಂತಿತು. ಎಲ್ಲಕ್ಕಿಂತ ಕುತೂಹಲದ ಕತೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಪ್ರಾಂತ್ಯದ್ದು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಚರ್ಚುಗಳ ಬಾಗಿಲು ಮುಚ್ಚಿದಾಗ ಗೋದಲಿ ಮನೆಯೊಳಗೆ ಹೊಕ್ಕಿತು. ಮಾರ್ಸೇಯ ಜ್ಯಾನ್ ಲೂಯಿ ಲಾನ್ಯೆಲ್ ಎಂಬ ಕುಶಲಕರ್ಮಿ ಜಿಪ್ಸಂ ಅಚ್ಚುಗಳನ್ನು ಮಾಡಿ, ಬಡವರಿಗೂ ಕೈಗೆಟಕುವ ಪುಟ್ಟ ಮಣ್ಣಿನ ಗೊಂಬೆಗಳನ್ನು ತೆಗೆದ. ‘ಸಾಂತೊಂ’ ಎಂಬ ಈ ಗೊಂಬೆಗಳ ಸಂತೆ ಮಾರ್ಸೇಯಲ್ಲಿ 1803ರಿಂದ ನಡೆದುಬಂದಿದೆ. ಅವುಗಳಲ್ಲಿ ಚಾಕುವಿಗೆ ಸಾಣೆ ಹಿಡಿಯುವವನಿದ್ದಾನೆ, ಮೀನಿನ ಬುಟ್ಟಿ ಹೊತ್ತವಳಿದ್ದಾಳೆ, ಡೋಲಿನವನಿದ್ದಾನೆ. ಒಂದು ಊರಿನ ಕಸುಬುದಾರರೆಲ್ಲ ತಮ್ಮ ತಮ್ಮ ಕೈಯಲ್ಲಿರುವುದನ್ನು ಹಿಡಿದು ಕೂಸನ್ನು ನೋಡಲು ಹೊರಟಿದ್ದಾರೆ. ಅವರಲ್ಲಿ ಒಬ್ಬನೂ ಬೈಬಲ್ಲಿನವನಲ್ಲ, ಆದರೂ ಪ್ರೊವಾನ್ಸಿನವರು ಅದನ್ನು ನಂಬಿಕೆಗೆಟ್ಟ ಗೋದಲಿ ಎಂದು ಎಂದೂ ಭಾವಿಸಿಲ್ಲ.

ಕೊಯಮತ್ತೂರು, ತಿರುಪ್ಪೂರುಗಳ ಕೊಂಗು ಸೀಮೆಯಲ್ಲಿ ಹೀಗೆ ನೆಲದ ಬಟ್ಟೆ ತೊಡುವುದು ಅಷ್ಟು ಸುಲಭವಾಗಿರಲಿಲ್ಲ. ಅದಕ್ಕೆ ಕಾರಣ ಇಲ್ಲಿಯ ಚರಿತ್ರೆಯಲ್ಲಿದೆ. 17ನೇ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಮಿ ಎಂಬ ಇಟಲಿಯ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಮೈಸೂರು ಮಿಷನ್ ಕಟ್ಟಿದ. ಘಟ್ಟದ ಕೆಳಗಿನ ಸತ್ಯಮಂಗಲದ ಕಡೆಗೂ ಆ ಮಿಷನ್ ಚಾಚಿತ್ತು. ಕೊಯಮತ್ತೂರು ಸೀಮೆ 1799ರಲ್ಲಿ ಟಿಪ್ಪು ಬೀಳುವವರೆಗೆ ಮೈಸೂರಿನದೇ. ಕೊಳ್ಳೇಗಾಲ ತಾಲ್ಲೂಕಂತೂ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಇಂದಿಗೂ ಹನೂರು ತಾಲ್ಲೂಕಿನ ಮಾರ್ಟಳ್ಳಿಯಲ್ಲಿ ತಮಿಳಿನ ಕಥೋಲಿಕರಿದ್ದಾರೆ, ಕೊಯಮತ್ತೂರಿನ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡವಿದೆ. ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ದಾರಿಯ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಚರ್ಚಿನ ಮೂಲ ಆ 17ನೇ ಶತಮಾನಕ್ಕೇ ಹೋಗುತ್ತದೆ. 1846ರಲ್ಲಿ ಅದೇ ಊರಿನಲ್ಲಿ ಮೆಲ್ಕಿಯೋರ್ ದ ಮಾರಿಯೋಂ ಬ್ರೆಸಿಯಾಕ್ ಎಂಬ ಫ್ರೆಂಚ್ ಪಾದ್ರಿಗೆ ಬಿಷಪ್ ದೀಕ್ಷೆಯಾಯಿತು. 1850ರಲ್ಲಿ ಆತ ಕೊಯಮತ್ತೂರಿನ ಮೊದಲ ಧರ್ಮಾಧ್ಯಕ್ಷನಾದ. ಐದು ವರ್ಷಕ್ಕೇ ರಾಜೀನಾಮೆ ಕೊಟ್ಟು ಹಿಂತಿರುಗಿದ. ಕಾರಣಗಳಲ್ಲಿ ದೊಡ್ಡದು ಮಲಬಾರ್ ಆಚರಣೆಗಳ ತಗಾದೆ. ಕ್ರೈಸ್ತರಾದವರು ಮದುವೆಯಲ್ಲಿ ತೆಂಗಿನಕಾಯಿ ಒಡೆಯಬಹುದೇ, ತಾಳಿಯ ಮೇಲೆ ಯಾವ ಗುರುತಿರಬೇಕು, ಜಾತಿಯ ಕಟ್ಟಳೆಗಳಲ್ಲಿ ಯಾವುದು ಬರಿಯ ಲೋಕರೂಢಿ, ಯಾವುದು ಮತಾಚಾರ ಎಂಬ ಪ್ರಶ್ನೆಗಳವು. 1704ರಲ್ಲಿ ಪುದುಚೇರಿಯಲ್ಲಿ ಒಂದು ನಿಷೇಧಾಜ್ಞೆ ಹೊರಟು, 1744ರಲ್ಲಿ ಪೋಪ್ 14ನೇ ಬೆನೆಡಿಕ್ಟ್ ಅದನ್ನು ಗಟ್ಟಿಮಾಡಿದ್ದರು. ಇಲ್ಲಿಗೆ ಬರುವ ಪಾದ್ರಿಗಳು ಅದಕ್ಕೆ ಬದ್ಧರೆಂದು ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣ ರದ್ದಾದದ್ದು 1940ರಲ್ಲಿ. ಎರಡು ಶತಮಾನ ಕಾಲ ಇಲ್ಲಿಯ ಚರ್ಚು ಊರಿನ ರೂಢಿಯನ್ನು ಅನುಮಾನದಿಂದ ನೋಡಬೇಕಾಯಿತು. ಚರ್ಚಿನೊಳಗಿನ ವಿಗ್ರಹ, ಚಿತ್ರ, ಉಡುಪೆಲ್ಲ ಯುರೋಪಿನದಾಗಿ ನಿಂತದ್ದರಲ್ಲಿ ಈ ಅನುಮಾನದ ಪಾಲಿದೆ.

ಆದರೆ ನಿಷೇಧದ ಆ ಪಟ್ಟಿಯಲ್ಲಿ ಗೋದಲಿ ಇರಲಿಲ್ಲ. ಅದು ಪೂಜಾವಿಧಿಯಲ್ಲ, ಹಬ್ಬದ ಅಲಂಕಾರ. ಹಾಗಾಗಿ ಊರಿಗೆ ಒಳಗೆ ಬರಲು ಒಂದು ಕಿಂಡಿ ತೆರೆದೇ ಇತ್ತು. ಕಾವ್ಯದಲ್ಲಂತೂ ಬಾಗಿಲೇ ತೆರೆದಿತ್ತು. ವೀರಮಾಮುನಿವರ್ ಎಂದು ತಮಿಳರು ಕರೆಯುವ ಇಟಲಿಯ ಜೆಸುಯಿಟ್ ಬೆಸ್ಕಿ 1726ರ ಸುಮಾರಿಗೆ ಬರೆದ ‘ತೇಂಬಾವಣಿ’ ಮೂರೂವರೆ ಸಾವಿರಕ್ಕೂ ಮಿಕ್ಕಿದ ಪದ್ಯಗಳ ಮಹಾಕಾವ್ಯ. ಕಥಾನಾಯಕ ಯೋಸೇಫ. ತಮಿಳು ಕಾವ್ಯದ ಮರ್ಯಾದೆಯಂತೆ ನಾಡಿನ ವರ್ಣನೆ, ನಗರದ ವರ್ಣನೆಗಳಿಂದ ಶುರುವಾಗುವ ಅದರಲ್ಲಿ ಯೂದಾಯ ದೇಶ ತಮಿಳು ಹೊಲಗದ್ದೆಗಳ ಹಾಗೆ ನೀರುಂಡು ನಿಂತಿದೆ. ಇದೇ ಬೆಸ್ಕಿ ಕೋಣಾಂಕುಪ್ಪಂನಲ್ಲಿ ಪೆರಿಯನಾಯಕಿ ಎಂಬ ಹೆಸರಿನ ಮಾತೆಗೆ ಸೀರೆ ಉಡಿಸಿದವನು. ಪಂಡಿತರು ಒಪ್ಪಿದ ಕಾವ್ಯ ಮೂರು ಶತಮಾನದ ಹಿಂದೆಯೇ ಮಾಡಿದ್ದನ್ನು ಅಂಗಡಿಯ ಗೊಂಬೆ ಇನ್ನೂ ಮಾಡಿಲ್ಲ.

ಕುಡಿಲ್ ಕಟ್ಟುವವರು ತಮಗೆ ಅರಿವಿಲ್ಲದೆಯೇ ಆ ಕೆಲಸವನ್ನು ಶುರುಮಾಡಿದ್ದಾರೆ. ತೆಂಗಿನ ಗರಿ, ಜೋಳದ ದಂಟು, ಹಂಬು, ಗೋಣಿತಾಟು, ಬಿದಿರ ಗಳ: ಹೊಲದ ಬದುವಿನಲ್ಲಿ ಕಾವಲು ಗುಡಿಸಲು ಹಾಕುವ ಸಾಮಾನುಗಳೇ ಇಲ್ಲಿಗೂ ಬರುತ್ತವೆ. ಮಣ್ಣು ಹರಡಿ, ರಾಗಿಯನ್ನೋ ಸಾಸಿವೆಯನ್ನೋ ರಾತ್ರಿ ನೆನೆಹಾಕಿ ಒತ್ತಾಗಿ ಬಿತ್ತುವ ಪದ್ಧತಿ ನಮ್ಮ ಮಂಗಳೂರು ಕಡೆಯ ಕೊಂಕಣಿ ಕಥೋಲಿಕರಲ್ಲೂ ಇದೆ, ಇಲ್ಲೂ ಇದೆ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ಬಿತ್ತಿ, ನೀರು ಚಿಮುಕಿಸುತ್ತ ನೆರಳಿನಲ್ಲಿಟ್ಟರೆ ಕ್ರಿಸ್ಮಸ್ಸಿನ ಹೊತ್ತಿಗೆ ನಾಲ್ಕು ಬೆರಳೆತ್ತರದ ಎಳೆಹಸಿರು. ತಮಿಳುನಾಡಿನ ಅಮ್ಮನ ಹಬ್ಬಗಳಲ್ಲಿ ಹೆಂಗಸರು ಮುಳೈಪ್ಪಾರಿ ಎಂದು ನವಧಾನ್ಯದ ಮೊಳಕೆಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ನಮ್ಮ ಕಡೆ ನವರಾತ್ರಿಗೆ ಘಟ್ಟ ಹಾಕಿ ಧಾನ್ಯ ಮೊಳೆಸುತ್ತಾರೆ, ಗೊಂಬೆ ಹಬ್ಬದಲ್ಲಿ ಮೆಟ್ಟಿಲ ಕೆಳಗಿನ ಉದ್ಯಾನಕ್ಕೂ ಮೊಳಕೆಯೇ ಹುಲ್ಲು. ಇದನ್ನು ಕಂಡು ‘ಅಲ್ಲಿಂದ ಕದ್ದದ್ದು’ ಎಂದು ಒಬ್ಬರು, ‘ಮತಭ್ರಷ್ಟವಾಯಿತು’ ಎಂದು ಇನ್ನೊಬ್ಬರು ಹೇಳುವುದುಂಟು. ಇಬ್ಬರಿಗೂ ಪ್ರೊವಾನ್ಸಿನಲ್ಲಿ ಉತ್ತರವಿದೆ. ಅಲ್ಲಿ ಡಿಸೆಂಬರ್ 4ರಂದು, ಸಂತ ಬಾರ್ಬರಾಳ ಹಬ್ಬದ ದಿನ, ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ; ಮೊಳಕೆ ಸೊಂಪಾಗಿ ಬಂದರೆ ಬರುವ ವರ್ಷ ಬೆಳೆ ಚೆನ್ನ ಎಂದು ನಂಬಿ, ಅದನ್ನು ಗೋದಲಿಯ ಪಕ್ಕ ಇಡುತ್ತಾರೆ. ಮಾರ್ಸೇಯಿಂದ ಕೊಯಮತ್ತೂರಿಗೋ, ಕೊಯಮತ್ತೂರಿನಿಂದ ಮಾರ್ಸೇಗೋ ಯಾರೂ ಇದನ್ನು ಹೊತ್ತು ತರಬೇಕಿಲ್ಲ. ಬೇಸಾಯ ಮಾಡುವ ಜನಕ್ಕೆ ಹುಟ್ಟಿನ ಹಬ್ಬವೆಂದರೆ ಬೀಜ ನೆನಪಾಗುತ್ತದೆ. ಅದು ಯಾವ ಒಂದು ಮತದ ಸೊತ್ತೂ ಅಲ್ಲ.

ಗುಡಿಸಲು, ಹುಲ್ಲು ಇಷ್ಟು ಸಹಜವಾಗಿ ಬಂದ ಮೇಲೆ ಅದೇ ಹುಲ್ಲಿನ ಮೇಲೆ ಕೂತ ಎತ್ತನ್ನು ನೋಡಿ. ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಸೆಟ್ಟುಗಳಲ್ಲಿ ಬಹುಪಾಲು ಎತ್ತುಗಳಿಗೆ ಹಿಣಿಲಿಲ್ಲ, ಗಂಗೆದೊಗಲೂ ಅಷ್ಟಕ್ಕಷ್ಟೇ. ಬೆನ್ನು ಮಟ್ಟಸ, ಮೈ ಕಂದು, ಕೊಂಬು ಗಿಡ್ಡ. ಯುರೋಪಿನ ತಳಿ ಅದು. ಈ ಎತ್ತು ಮಾರಾಟವಾಗುತ್ತಿರುವುದು ಕಾಂಗೇಯಂ ತಳಿಯ ತವರಿನಲ್ಲಿ. 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಅದರೊಳಗೆ ಬಂದ ಕಾಂಗೇಯಂ, ಧಾರಾಪುರಂ ಸೀಮೆಗಳ ಈ ದನ ಹುಟ್ಟುವಾಗ ಕೆಂಪು, ಆರು ತಿಂಗಳ ಹೊತ್ತಿಗೆ ಬೂದು ಬಿಳಿ. ಹೋರಿಗೆ ಪ್ರಾಯ ಬಂದಂತೆ ಹಿಣಿಲು, ಹೆಗಲು, ತೊಡೆಯ ಭಾಗ ಕಪ್ಪಿಡುತ್ತದೆ. ಅದು ಮೇಯುವ ಜಾಗ ಕೊರಂಗಾಡು: ಮಳೆ ಕಡಿಮೆಯ ಆ ನೆಲದಲ್ಲಿ ರೈತರು ಮುಳ್ಳಿನ ಜೀವಂತ ಬೇಲಿ ಬೆಳೆಸಿ, ಅಲ್ಲಲ್ಲಿ ಬಿಳಿಜಾಲಿ ಮರ ಉಳಿಸಿಕೊಂಡು, ನಡುವೆ ಹುಲ್ಲು ಬೆಳೆಯಲು ಬಿಟ್ಟ ಸ್ವಂತ ಗೋಮಾಳ. ದನದ ಜೊತೆಗೆ ಕುರಿಗಳೂ ಅಲ್ಲೇ. ಲೂಕ ಹೇಳುವ ಇರುಳು ಮಂದೆ ಕಾಯುವ ಕುರುಬರು ಇಲ್ಲಿ ಕಲ್ಪನೆಯಲ್ಲ. ಹೊಲದಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಮಾಡಿಸುವುದು ನಮ್ಮ ಕಡೆ ಹೇಗೆ ರೂಢಿಯೋ ಕೊಂಗಿನಲ್ಲೂ ಹಾಗೆಯೇ. ಕೊಯಮತ್ತೂರು ಎಂಬ ಊರ ಹೆಸರಿನದೇ ಒಂದು ಕುರಿ ತಳಿಯಿದೆ. ಸುವಾರ್ತೆಯ ಕತೆಗೆ ಬೇಕಾದ ಹುಲ್ಲು, ದನ, ಮಂದೆ, ಕಾವಲಿನವರು ಎಲ್ಲ ಊರ ಸುತ್ತ ಇರುವಾಗ ಅಚ್ಚಿನ ಎತ್ತು ಮಾತ್ರ ಬವೇರಿಯಾದ್ದಾಗಿರುವುದು ವಿಚಿತ್ರ.

ಕುಶಲಕರ್ಮಿಗಳ ಕೊರತೆ ಇದಕ್ಕೆ ಕಾರಣವೆಂದು ಹೇಳುವಂತಿಲ್ಲ. ಮದುರೈ ಬಳಿಯ ವಿಳಾಚ್ಚೇರಿಯ ಕುಂಬಾರರು ವಿನಾಯಕ ಚೌತಿಗೆ ಗಣಪತಿ, ನವರಾತ್ರಿಗೆ ಕೊಲು ಗೊಂಬೆ, ಅದು ಮುಗಿಯುತ್ತಲೇ ಕುಡಿಲ್ ಗೊಂಬೆ ಎಂದು ಒಂದರ ಹಿಂದೊಂದು ಹಬ್ಬಕ್ಕೆ ದುಡಿಯುತ್ತಾರೆ. ಕೊಲು ಗೊಂಬೆಯಲ್ಲಿ ಇದೇ ಕೈಗಳು ಕಿರಾಣಿ ಅಂಗಡಿಯ ಚೆಟ್ಟಿಯಾರ್ ದಂಪತಿಯನ್ನೂ ಮದುವೆ ದಿಬ್ಬಣವನ್ನೂ ಊರಿನ ಪ್ರತಿಯೊಂದು ಕಸುಬನ್ನೂ ಕಣ್ಣಿಗೆ ಕಟ್ಟುವಂತೆ ಮಾಡುತ್ತವೆ. ಕ್ರಿಸ್ಮಸ್ಸಿಗೆ ಬಂದಾಗ ಅಚ್ಚು ಬದಲಾಗುತ್ತದೆ, ಯಾಕೆಂದರೆ ಕೊಳ್ಳುವವರು ಕೇಳುವುದು ಅದನ್ನೇ. ಕೇಳುವವರ ಕಡೆಗೂ ಒಂದು ನ್ಯಾಯವಿದೆ. ಕುಡಿಲಿನ ಕೂಸು ಬರಿಯ ಆಟಿಕೆಯಲ್ಲ. ಅನೇಕ ಚರ್ಚುಗಳಲ್ಲಿ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯವರೆಗೆ ಗೋದಲಿ ಬರಿದಾಗಿರುತ್ತದೆ, ಆಮೇಲೆ ಪಾದ್ರಿಗಳು ಕೂಸನ್ನು ತಂದು ಮಲಗಿಸುತ್ತಾರೆ, ಜನ ಸಾಲಾಗಿ ಬಂದು ಮುತ್ತಿಡುತ್ತಾರೆ. ಅಜ್ಜಿಯ ಕಾಲದಿಂದ ಮುತ್ತಿಟ್ಟ ಮುಖವನ್ನು ಬದಲಾಯಿಸಿ ಎಂದರೆ ಯಾರಿಗಾದರೂ ಇರುಸುಮುರುಸಾದೀತು. ಆ ಮುಖವನ್ನು ಮುಟ್ಟಬೇಕಾಗಿಲ್ಲ. ಪ್ರೊವಾನ್ಸಿನವರು ಮರಿಯಳನ್ನೂ ಕೂಸನ್ನೂ ಹೆಚ್ಚು ಬದಲಿಸಲಿಲ್ಲ; ಅವರು ಬದಲಿಸಿದ್ದು ನೋಡಲು ಬರುವವರನ್ನು. ಇಲ್ಲಿಯೂ ಎತ್ತು, ಕುರಿ, ಕುರುಬ, ದಾರಿಹೋಕರಿಂದ ಶುರುಮಾಡಬಹುದು.

ಇದಕ್ಕಿಂತ ಬಲವಾದ ಆಕ್ಷೇಪ ಇತಿಹಾಸದ ಕಡೆಯಿಂದ ಬರುತ್ತದೆ. ಯೇಸು ಹುಟ್ಟಿದ್ದು ರೋಮನ್ನರ ಆಳ್ವಿಕೆಯ ಪ್ಯಾಲೆಸ್ಟೀನಿನಲ್ಲಿ, ಯೆಹೂದ್ಯ ತಾಯಿಗೆ. ಪ್ರತಿ ಊರೂ ಅವನನ್ನು ತನ್ನವನನ್ನಾಗಿ ಮಾಡಿಕೊಂಡರೆ ಈ ನಿಜ ಅಳಿಸಿಹೋಗುವುದಿಲ್ಲವೇ? ಈ ಅಪಾಯ ಪೊಳ್ಳಲ್ಲ. ಚಿನ್ನದ ಕೂದಲು, ನೀಲಿ ಕಣ್ಣಿನ ಕೂಸು ಲೋಕವೆಲ್ಲ ಹಬ್ಬಿದಾಗ ನಡೆದದ್ದು ಅದೇ. ಆದರೆ ಅದಕ್ಕೆ ಬಹುಮಟ್ಟಿಗೆ ಕಾರಣ ಒಂದೇ ಸ್ಥಳೀಯ ರೂಪ ತಾನೇ ಮೂಲವೆಂಬಂತೆ ಮೆರೆದದ್ದು. ರೂಪಗಳು ಹತ್ತಾರು ಇದ್ದಾಗ ಯಾವುದೂ ಮೂಲವೆಂದು ಮೋಸಮಾಡಲಾರದು. ಲಾಮಾ ನಿಂತ ಗೋದಲಿಯನ್ನು ಕಂಡವರು ಬೆತ್ಲೆಹೇಮಿನಲ್ಲಿ ಲಾಮಾ ಇತ್ತೆಂದು ತಿಳಿಯುವುದಿಲ್ಲ, ಹಿಣಿಲಿಲ್ಲದ ಎತ್ತನ್ನು ಕಂಡವರು ಮಾತ್ರ ಅಲ್ಲಿಯ ಎತ್ತು ಹಾಗೆಯೇ ಇತ್ತೆಂದು ನಂಬಿಬಿಡುತ್ತಾರೆ. ಇನ್ನೊಂದು ಮಾತು: 2023ರ ಡಿಸೆಂಬರಿನಲ್ಲಿ ಬೆತ್ಲೆಹೇಮಿನ ಲೂಥರನ್ ಚರ್ಚೇ ಗಾಜಾದ ಯುದ್ಧದ ನಡುವೆ ಕೂಸನ್ನು ಒಡೆದ ಕಾಂಕ್ರೀಟಿನ ರಾಶಿಯಲ್ಲಿ ಪ್ಯಾಲೆಸ್ಟೀನಿಯರ ಚೌಕಳಿ ವಸ್ತ್ರ ಸುತ್ತಿ ಮಲಗಿಸಿತು. ಕತೆ ನಡೆದ ಊರಿನವರೇ ಎರಡು ಸಾವಿರ ವರ್ಷ ಹಿಂದಿನ ಕೊಟ್ಟಿಗೆಯನ್ನು ನಕಲು ಮಾಡದೆ ತಮ್ಮ ಈಗಿನ ನೆಲವನ್ನು ಅದರಲ್ಲಿ ಇಟ್ಟರು. ಆ ಗೋದಲಿಯ ರಾಜಕೀಯವನ್ನು ಒಪ್ಪುವವರೂ ಇದ್ದರು, ಒಪ್ಪದವರೂ ಇದ್ದರು. ಅದು ಗೋದಲಿಯೇ ಅಲ್ಲ ಎಂದು ಹೇಳುವುದು ಕಷ್ಟ.

ಪ್ರತಿಮೆಯನ್ನೇ ಒಪ್ಪದವರ ಆಕ್ಷೇಪ ಬೇರೆ. 1830ರ ದಶಕದಿಂದ ಕೊಯಮತ್ತೂರಿನಲ್ಲಿ ಕೆಲಸಮಾಡಿದ ಲಂಡನ್ ಮಿಷನ್ನಿನ ಪರಂಪರೆಯಲ್ಲಿ ಗೊಂಬೆಗೆ ಗೌರವದ ಜಾಗವಿರಲಿಲ್ಲ. ಅವರ ಕ್ರಿಸ್ಮಸ್ ಎಂದರೆ ವಾಕ್ಯ, ಪ್ರಸಂಗ, ಹಾಡು. ಮುತ್ತಿಡುವ ಕೂಸಿನ ವಿಷಯದಲ್ಲಿ ಅವರ ಸಂಕೋಚಕ್ಕೆ ಅರ್ಥವಿದೆ. ಆದರೆ ಸಾಣೆ ಹಿಡಿಯುವವನನ್ನೋ ಕುರಿ ಕಾಯುವವಳನ್ನೋ ಯಾರೂ ಪೂಜಿಸುವುದಿಲ್ಲ. ಗೋದಲಿಯ ಸ್ಥಳೀಯ ಪಾತ್ರಗಳು ಹೆಚ್ಚಿದಷ್ಟೂ ಅದು ಪೂಜೆಯಿಂದ ಕತೆಯ ಕಡೆಗೆ ಸರಿಯುತ್ತದೆ.

ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವ ಆಕ್ಷೇಪ ಇನ್ನೊಂದು: ಬಡವರನ್ನು ಗೊಂಬೆ ಮಾಡಿ ಇಡುವುದರಿಂದ ಅವರಿಗೇನು ಬಂತು? ನೇಪಲ್ಸಿನ ಶ್ರೀಮಂತರು ಮೀನಿನವನ ಹರಕು ಅಂಗಿಯನ್ನು ರೇಷ್ಮೆದಾರದಲ್ಲಿ ಹೊಲಿಸಿ ಸವಿದರು. ನಿಜವಾದ ಮೀನಿನವನನ್ನು ಜಗಲಿಗೂ ಕರೆಯಲಿಲ್ಲ. ತಮಿಳುನಾಡಿನ ಚರ್ಚುಗಳಲ್ಲೂ ಜಾತಿಯ ಗೆರೆ ಬಹುಕಾಲ ಎದ್ದು ಕಾಣುವಂತಿತ್ತು. ಗೋದಲಿಯ ಸುತ್ತ ಎಲ್ಲರನ್ನೂ ನಿಲ್ಲಿಸಿದವರು ಪೀಠದ ಮುಂದೆ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದರೆಂದು ಹೇಳಲಾಗದು. ಹೀಗಾಗಿ ‘ನಮ್ಮ ಊರನ್ನು ಗೋದಲಿಯಲ್ಲಿ ತೋರಿಸಿ’ ಎಂದಾಗ ಯಾವ ಊರು ಎಂಬ ಪ್ರಶ್ನೆ ತಪ್ಪದು. ಇವತ್ತಿನ ಕೊಂಗು ಬರಿಯ ಕಾಂಗೇಯಂ ಹೋರಿಯ, ಕೊರಂಗಾಡಿನ ನಾಡಲ್ಲ. ಅದು ತಿರುಪ್ಪೂರಿನ ಬನಿಯನ್ ಕಂಪನಿಗಳ ನಾಡು. ಯುರೋಪು, ಅಮೆರಿಕದ ಅಂಗಡಿಗಳು ಕ್ರಿಸ್ಮಸ್ಸಿಗೆ ಜೋಡಿಸಿಡುವ ಟೀ ಶರ್ಟು, ಮಕ್ಕಳ ಉಡುಪು ತಿಂಗಳುಗಳ ಮುಂಚೆಯೇ ಇಲ್ಲಿ ಹೊಲಿಗೆಯಾಗಿ ಬಂದರು ಸೇರುತ್ತವೆ. ಹೊಲಿಯುವವರಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್, ಅಸ್ಸಾಮಿನಿಂದ ರೈಲು ಹತ್ತಿ ಬಂದವರು ಬಹಳ. ಲೂಕನ ಕತೆಯೂ ವಲಸೆಯ ಕತೆಯೇ. ಚಕ್ರವರ್ತಿಯ ಕಚೇರಿಗೆ ಜನಗಣತಿ ಬೇಕಾಯಿತು, ಬಸುರಿ ಹೆಂಗಸೊಬ್ಬಳು ಊರು ಬಿಟ್ಟು ನಡೆಯಬೇಕಾಯಿತು, ಬಂದ ಊರಲ್ಲಿ ಜಾಗ ಸಿಗಲಿಲ್ಲ. ಬಾಡಿಗೆ ಕೋಣೆ ಹುಡುಕುವವರು ಪ್ರತಿ ರೈಲಿಗೂ ಇಳಿಯುವ ತಿರುಪ್ಪೂರಿನಲ್ಲಿ ಈ ಸಾಲು ಓದಿದವರಿಗೆ ಟಿಪ್ಪಣಿ ಬೇಕಾಗುವುದಿಲ್ಲ. ಅಂದವಾದ ಹಳ್ಳಿಯನ್ನು ಮಾತ್ರ ಕಟ್ಟಿ ಇವರನ್ನು ಹೊರಗಿಟ್ಟ ಗೋದಲಿ ಎಷ್ಟೇ ‘ಸ್ಥಳೀಯ’ವಾದರೂ ನೇಪಲ್ಸಿನ ಅರಮನೆಯದೇ ಆಗುತ್ತದೆ. ಆಕ್ಷೇಪದಿಂದ ನನ್ನ ವಾದ ಬೀಳುವುದಿಲ್ಲ, ಅದಕ್ಕೊಂದು ಷರತ್ತು ಸೇರುತ್ತದೆ: ಊರನ್ನು ಇಡುವುದಾದರೆ ಪೂರ್ತಿ ಊರನ್ನು ಇಡಬೇಕು, ಅದರಲ್ಲಿ ಯಾರಿರಬೇಕೆಂದು ಹೇಳುವ ಬಾಯಿ ಊರಿನ ಎಲ್ಲ ಕೇರಿಗಳದ್ದೂ ಆಗಿರಬೇಕು.

ಇದು ಆಗದ ಮಾತಲ್ಲ. ಪೋಲೆಂಡಿನ ಕ್ರಾಕೂವ್ ನಗರ ಸ್ಪರ್ಧೆಯ ನಿಯಮದಿಂದಲೇ ಇಂಥದ್ದನ್ನು ಮಾಡಿ ತೋರಿಸಿದೆ. ಅಲ್ಲಿ 1937ರಿಂದ ಗೋದಲಿ ಸ್ಪರ್ಧೆ ನಡೆಯುತ್ತಿದೆ. ಬೆತ್ಲೆಹೇಮನ್ನು ಕಟ್ಟಿ ತಂದರೆ ಅಲ್ಲಿ ನಡೆಯದು. ಕ್ರಾಕೂವಿನ ಗೋಪುರ, ಚರ್ಚು, ಕೋಟೆ ಬಾಗಿಲುಗಳು ಕಾಣುವಂತೆ, ಬಣ್ಣದ ತಗಡು ಕಾಗದದಲ್ಲಿ ನಗರವನ್ನೇ ಎತ್ತರಕ್ಕೆ ಕಟ್ಟಿ, ಅದರೊಳಗೆ ಕೂಸನ್ನು ಮಲಗಿಸಬೇಕು. 2018ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕೊಂಗಿನ ಚರ್ಚುಗಳಲ್ಲೂ ಕುಡಿಲ್ ಸ್ಪರ್ಧೆಗಳಿಗೆ ಕಡಿಮೆಯಿಲ್ಲ. ಬಹುಮಾನ ಮಾತ್ರ ಹೆಚ್ಚಾಗಿ ದೊಡ್ಡದಕ್ಕೆ, ಎಲ್‌ಇಡಿ ಸರ ಜಾಸ್ತಿ ಇರುವುದಕ್ಕೆ, ಥರ್ಮಾಕೋಲಿನ ಹಿಮ ಸುರಿಯುವುದಕ್ಕೆ ಹೋಗುತ್ತದೆ. ಡಿಸೆಂಬರಿನಲ್ಲೂ ಮಧ್ಯಾಹ್ನ ಬೆವರುವ ಊರಿನಲ್ಲಿ ಹಿಮಕ್ಕೆ ಅಂಕ ಕೊಡುವ ತೀರ್ಪುಗಾರರು ಅಂಕಪಟ್ಟಿಗೆ ಒಂದೇ ಒಂದು ಸಾಲು ಸೇರಿಸಲಿ: ಈ ಗೋದಲಿಯನ್ನು ಈ ಊರಿನದೆಂದು ಹೊರಗಿನವರು ಗುರುತಿಸಬಹುದೇ? ಆ ಸಾಲು ಬಂದ ವರ್ಷ ಮಕ್ಕಳು ಹಿಣಿಲಿನ ಎತ್ತು ಕೇಳುತ್ತಾರೆ, ವಿಳಾಚ್ಚೇರಿಯವರು ಹೊಸ ಅಚ್ಚು ತೆಗೆಯುತ್ತಾರೆ, ಹೊಲಿಗೆ ಮೆಷಿನ್ನಿನ ಮುಂದೆ ಕೂತವಳೂ ಕುರುಬನ ಪಕ್ಕದಲ್ಲಿ ಜಾಗ ಪಡೆಯುತ್ತಾಳೆ. ಎಂಟು ನೂರು ವರ್ಷದ ಹಿಂದೆ ಗ್ರೆಚ್ಚೋದವರು ಸ್ವಂತ ಕೊಟ್ಟಿಗೆಯ ದನ ಹೊಡೆದುಕೊಂಡು ಬಂದರು. ಯಾವ ಅಂಗಡಿಯಿಂದಲೂ ಎತ್ತನ್ನು ಕೊಳ್ಳಲಿಲ್ಲ. ಆ ರಾತ್ರಿಯ ವಾರಸುದಾರರೆಂದು ಹೇಳಿಕೊಳ್ಳುವ ಹಕ್ಕು ಕೊಂಗಿನವರಿಗೂ ಇದೆ, ಅದನ್ನು ಚಲಾಯಿಸಲು ಬೇಕಾದ ದನವೂ ಇದ್ದೇ ಇದೆ.